ಹಳದಿ ಉರಿ, ಕಪ್ಪು ಪಾತ್ರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಲೆ, ದೀಪ, ಬೆಂಕಿಯ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಸಿಯ ಮೇಲೇ ಇವೆ. ಆರು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಬೇರೆ ಬೇರೆ ಊರಿನ ಪ್ರಶ್ನೆಗಳಾದರೂ ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುತ್ತದೆ, ಹಾಗಾಗಿ ಮೊದಲಿನಿಂದ ಓದಿ.

ಪ್ರಶ್ನೆ: ನಮ್ಮ ಗ್ಯಾಸ್ ಒಲೆಯ ಒಂದು ಬರ್ನರಿನಲ್ಲಿ ಹದಿನೈದು ದಿನದಿಂದ ಉರಿ ಹಳದಿಯಾಗಿ ಉದ್ದಕ್ಕೆ ಏಳುತ್ತಿದೆ. ಪಾತ್ರೆಯ ತಳವೆಲ್ಲ ಮಸಿ. ಇನ್ನೊಂದು ಬರ್ನರ್ ಸರಿಯಾಗಿದೆ. ಸಿಲಿಂಡರಿನಲ್ಲಿ ಏನೋ ಬೆರೆಸಿದ್ದಾರೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ? (ಒಬ್ಬ ಗೃಹಿಣಿ, ಹಾಸನ)

ಉತ್ತರ ನಿಮ್ಮ ಪತ್ರದಲ್ಲೇ ಇದೆ ಅಮ್ಮಾ. ಎರಡೂ ಬರ್ನರಿಗೆ ಬರುವುದು ಅದೇ ಸಿಲಿಂಡರಿನ ಗ್ಯಾಸ್. ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಹಳದಿ ಅಂದರೆ ತಪ್ಪು ಗ್ಯಾಸಿನದಲ್ಲ. ಆ ಬರ್ನರಿಗೆ ಗಾಳಿ ಸಾಲುತ್ತಿಲ್ಲ.

ಒಲೆಯನ್ನು ಒಮ್ಮೆ ಬಗ್ಗಿ ನೋಡಿ. ನಾಬ್ ಹಿಂದೆ ಹಿತ್ತಾಳೆಯ ಪುಟ್ಟ ಜೆಟ್ ಇರುತ್ತದೆ, ಅದರ ತೂತು ಅರ್ಧ ಮಿಲಿಮೀಟರಿನ ಆಸುಪಾಸು. ಅಲ್ಲಿಂದ ಗ್ಯಾಸ್ ಚಿಮ್ಮಿ ಬರ್ನರ್ ಕೊಳವೆಯೊಳಗೆ ಹೋಗುವಾಗ ಪಕ್ಕದ ಕಿಂಡಿಯಿಂದ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಎಲ್‌ಪಿಜಿ ಪೂರ್ತಿ ಉರಿಯಬೇಕಾದರೆ ಒಂದು ಲೀಟರ್ ಗ್ಯಾಸಿಗೆ 24ರಿಂದ 31 ಲೀಟರ್ ಗಾಳಿ ಬೇಕು. ಸರಿಯಾದ ಒಲೆಯಲ್ಲಿ ಇದರಲ್ಲಿ ಅರ್ಧದಷ್ಟು ಕೊಳವೆಯೊಳಗೇ ಬೆರೆತು ಬರುತ್ತದೆ, ಉಳಿದದ್ದನ್ನು ಉರಿ ಹೊರಗಿನಿಂದ ತೆಗೆದುಕೊಳ್ಳುತ್ತದೆ. ಕಿಂಡಿಗೆ ಎಣ್ಣೆ ಜಿಡ್ಡು, ಧೂಳು, ಜೇಡರ ಬಲೆ ಕಟ್ಟಿಕೊಂಡರೆ ಒಳಗೆ ಗಾಳಿ ಬೆರೆಯುವುದು ನಿಂತುಹೋಗುತ್ತದೆ. ಆಗ ಬರ್ನರಿನಿಂದ ಬರುವುದು ಹೆಚ್ಚುಕಡಿಮೆ ಬರೀ ಗ್ಯಾಸ್. ಗಾಳಿಯೆಲ್ಲ ಹೊರಗಿನಿಂದಲೇ ಬರಬೇಕು. ಹೀಗೆ ಗ್ಯಾಸ್ ಒಳಗೆ, ಗಾಳಿ ಹೊರಗೆ ಇದ್ದು, ಎರಡೂ ಸೇರುವ ಅಂಚಿನಲ್ಲಿ ಮಾತ್ರ ಉರಿಯುವ ಬೆಂಕಿಗೆ ಡಿಫ್ಯೂಷನ್ ಜ್ವಾಲೆ ಅಂತ ಹೆಸರು. ಮೇಣದಬತ್ತಿ, ಬುಡ್ಡಿದೀಪ, ಲಾಟೀನು, ದೇವರ ಮುಂದಿನ ಎಣ್ಣೆ ದೀಪ ಎಲ್ಲವೂ ಇದೇ ಜಾತಿ.

ಇಂಥ ಉರಿಯ ಹೊಟ್ಟೆಯೊಳಗೆ ನಡೆಯುವುದೇ ನಿಮ್ಮ ಪಾತ್ರೆಯ ಕಥೆ. ಅಂಚಿನ ಬೆಂಕಿಯ ಕಾವು ಒಳಗಿನ ಗ್ಯಾಸಿಗೆ ತಾಗುತ್ತದೆ, ಆದರೆ ಅಲ್ಲಿ ಆಮ್ಲಜನಕ ಇಲ್ಲ. ಗ್ಯಾಸ್ ಉರಿಯುವುದಿಲ್ಲ, ಸುಮ್ನೆ ಬೇಯುತ್ತದೆ. ಸಾವಿರ ಡಿಗ್ರಿ ದಾಟಿದ ಮೇಲೆ ಅದರ ಅಣುಗಳು ಮುರಿಯುತ್ತವೆ, ಹೈಡ್ರೋಜನ್ ಕಳಚಿಕೊಳ್ಳುತ್ತದೆ, ಉಳಿದ ಕಾರ್ಬನ್ ತುಂಡುಗಳು ಒಂದಕ್ಕೊಂದು ಅಂಟಿ ಆರು ಮೂಲೆಯ ಉಂಗುರಗಳಾಗುತ್ತವೆ, ಉಂಗುರಕ್ಕೆ ಉಂಗುರ ಸೇರಿ ಹಾಳೆಯಂತಾಗಿ, ಹಾಳೆಗಳು ಒಂದರ ಮೇಲೊಂದು ಕೂತು ಕೊನೆಗೆ ಒಂದು ಗಟ್ಟಿ ಕಣ ಹುಟ್ಟುತ್ತದೆ. ಅದೇ ಮಸಿ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಒಂದು ಕಣ 20ರಿಂದ 50 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 30 ಸಾವಿರ ಕಣಗಳನ್ನು ಸಾಲಾಗಿ ಜೋಡಿಸಬಹುದು. ಕಣಗಳು ಮಣಿಸರದ ಹಾಗೆ ಒಂದಕ್ಕೊಂದು ಕಚ್ಚಿಕೊಂಡು ಮೇಲಕ್ಕೆ ಹೋಗುತ್ತವೆ.

ಪಾತ್ರೆ ಇಲ್ಲದಿದ್ದರೆ ಇವುಗಳಲ್ಲಿ ಹೆಚ್ಚಿನವು ಉರಿಯ ತುದಿಗೆ ಹೋಗಿ, ಅಲ್ಲಿ ಗಾಳಿ ಸಿಕ್ಕಿ ಸುಟ್ಟುಹೋಗುತ್ತವೆ. ನೀವು ನೀರು ತುಂಬಿದ ಪಾತ್ರೆ ಇಟ್ಟಿದ್ದೀರಿ. ಅದರ ತಳ ನೂರು ಡಿಗ್ರಿ ಸುಮಾರು, ಉರಿಯ ಲೆಕ್ಕದಲ್ಲಿ ತಣ್ಣಗೇ. ಅದಕ್ಕೆ ತಾಗಿದ ಮಸಿ ಆರಿಹೋಗಿ ಅಲ್ಲೇ ಕೂರುತ್ತದೆ.

ಮಾಡಬೇಕಾದದ್ದು ಇಷ್ಟು. ರೆಗ್ಯುಲೇಟರ್ ಬಂದ್ ಮಾಡಿ, ಬರ್ನರ್ ತಣ್ಣಗಾದ ಮೇಲೆ ಎತ್ತಿ, ಸೋಪಿನ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಗಾಳಿಯ ಕಿಂಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಜೆಟ್ ತೂತಿಗೆ ಮಾತ್ರ ಸೂಜಿ ಹಾಕಬೇಡಿ. ನಾನು ಒಮ್ಮೆ ಹೊಲಿಗೆ ಸೂಜಿ ಹಾಕಿ ತಿರುವಿದ್ದೆ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಅಗಲವಾಯಿತು, ಮಾರನೇ ದಿನದಿಂದ ಹಾಲಿನ ಪಾತ್ರೆ ಕಪ್ಪಾಗತೊಡಗಿತು, ಕೊನೆಗೆ ಜೆಟ್ಟನ್ನೇ ಬದಲಿಸಬೇಕಾಯಿತು. ತೂತಿನ ಅಗಲ 20 ಶೇಕಡಾ ಹೆಚ್ಚಾದರೆ ಬರುವ ಗ್ಯಾಸ್ 44 ಶೇಕಡಾ ಹೆಚ್ಚಾಗುತ್ತದೆ, ಗಾಳಿಯ ಕಿಂಡಿ ಮಾತ್ರ ಇದ್ದಷ್ಟೇ ಇರುತ್ತದೆ.

ಇನ್ನೆರಡು ಸಣ್ಣ ಮಾತು. ಸಾರು ಉಕ್ಕಿ ಬಿದ್ದಾಗ ಉರಿ ಹಳದಿಯಾಗುವುದು ಉಪ್ಪಿನ ಸೋಡಿಯಂನಿಂದ, ಅದು ಮಸಿಯಲ್ಲ. ಸಿಲಿಂಡರ್ ಮುಗಿಯುವ ಹೊತ್ತಿಗೆ ಎರಡೂ ಬರ್ನರಿನಲ್ಲಿ ಸ್ವಲ್ಪ ಹಳದಿ ಕಂಡರೆ ಅದೂ ಕಲಬೆರಕೆಯಲ್ಲ. ಎಲ್‌ಪಿಜಿ ಅನ್ನುವುದೇ ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣ. ಹಗುರಾದ ಪ್ರೊಪೇನ್ ಮೊದಲು ಜಾಸ್ತಿ ಹೊರಟುಹೋಗುತ್ತದೆ, ಕೊನೆಗೆ ಬ್ಯುಟೇನ್ ಹೆಚ್ಚು ಉಳಿಯುತ್ತದೆ, ಅದಕ್ಕೆ ಗಾಳಿ ಹೆಚ್ಚು ಬೇಕು.

ಪ್ರಶ್ನೆ: ನೀಲಿ ಉರಿ ಹಳದಿ ಉರಿಗಿಂತ ಬಿಸಿ ಅಂತ ಪಾಠದಲ್ಲಿ ಓದಿದ್ದೇವೆ. ಆದರೆ ಹಳ್ಳಿಯಲ್ಲಿ ಸೌದೆ ಒಲೆಯ ಮುಂದೆ ಕೂತರೆ ಮುಖಕ್ಕೆ ಝಳ ಹೊಡೆಯುತ್ತದೆ, ಗ್ಯಾಸ್ ಒಲೆಯ ಪಕ್ಕ ನಿಂತರೆ ಅಷ್ಟು ಗೊತ್ತಾಗುವುದಿಲ್ಲ. ಯಾಕೆ? (ಪಿಯುಸಿ ವಿದ್ಯಾರ್ಥಿ, ಧಾರವಾಡ)

ತುಂಬ ಒಳ್ಳೆಯ ಪ್ರಶ್ನೆ. ಪಾಠದಲ್ಲಿ ಹೇಳಿದ್ದು ಸರಿ, ನಿನ್ನ ಮುಖ ಹೇಳಿದ್ದೂ ಸರಿ.

ಝಳ ಅಂದರೆ ಗಾಳಿಯ ಮೂಲಕ ಬರುವ ಬಿಸಿ ಅಲ್ಲ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಪಕ್ಕಕ್ಕೆ ಬರುವುದಿಲ್ಲ. ಪಕ್ಕಕ್ಕೆ ಬರುವುದು ಬೆಳಕಿನಂತೆಯೇ ನೇರ ಹರಿದು ಬರುವ ಶಾಖ ವಿಕಿರಣ. ಅದನ್ನು ಚೆಲ್ಲಲು ಬಿಸಿ ಇದ್ದರೆ ಸಾಲದು, ಚೆಲ್ಲುವ ವಸ್ತುವೂ ಬೇಕು. ನೀಲಿ ಉರಿಯಲ್ಲಿ ಇರುವುದು ಬರೀ ಅನಿಲ. ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಶಾಖವನ್ನು ಚೆಲ್ಲುತ್ತವೆ, ಆದರೆ ಕೆಲವೇ ಕೆಲವು ತರಂಗಗಳಲ್ಲಿ. ಗಟ್ಟಿ ಮಸಿ ಕಣ ಹಾಗಲ್ಲ. ಅದು ಕಪ್ಪು ವಸ್ತು, ಕಾದರೆ ಎಲ್ಲ ತರಂಗಗಳಲ್ಲೂ ಚೆಲ್ಲುತ್ತದೆ. ಹಳದಿ ಉರಿ ಅಂದರೆ ಕೋಟಿ ಕೋಟಿ ಪುಟ್ಟ ಕೆಂಡಗಳ ಮೋಡ. 1200ರಿಂದ 1400 ಡಿಗ್ರಿಯಲ್ಲಿ ಕೆಂಪಗೆ, ಹಳದಿಯಾಗಿ ಬೆಳಗುತ್ತಿರುವ ಮಸಿಯೇ ನಿನ್ನ ಕಣ್ಣಿಗೆ ಬೆಳಕು, ಕೆನ್ನೆಗೆ ಝಳ. ಸೌದೆ ಒಲೆಯಲ್ಲಿ ಇದರ ಜೊತೆಗೆ ನಿಜವಾದ ಕೆಂಡವೂ ಸೇರಿಕೊಳ್ಳುತ್ತದೆ.

ಮಸಿ ಅಂದರೆ ಬೆಂಕಿಯ ಕೊಳಕು, ಅರೆಬರೆ ಉರಿದದ್ದರ ಗುರುತು ಅಂತಷ್ಟೇ ಮಕ್ಕಳಿಗೆ ಹೇಳಿಕೊಡುತ್ತೇವೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ವಿದ್ಯುತ್ ಬರುವವರೆಗೆ ಸಾವಿರಾರು ವರ್ಷ ಜನ ರಾತ್ರಿ ಕಂಡಿದ್ದೆಲ್ಲ ಮಸಿಯ ಬೆಳಕಿನಲ್ಲಿ. ಪೆಟ್ರೋಮ್ಯಾಕ್ಸ್ ನೋಡಿದ್ದೀಯಾ? ಅದರಲ್ಲಿ ಸೀಮೆಎಣ್ಣೆಯ ಆವಿ ಗಾಳಿ ಬೆರೆತು ನೀಲಿಯಾಗಿ ಉರಿಯುತ್ತದೆ, ಮಸಿ ಇಲ್ಲ, ಹಾಗಾಗಿ ಬೆಳಕೂ ಇಲ್ಲ. ಅದಕ್ಕೇ ಮ್ಯಾಂಟಲ್ ಅನ್ನುವ ಬಟ್ಟೆಯ ಪುಟ್ಟ ಚೀಲ ಕಟ್ಟುತ್ತಾರೆ. ಮಸಿ ಮಾಡುತ್ತಿದ್ದ ಕೆಲಸವನ್ನು ಆ ಬಟ್ಟೆಯ ಬೂದಿಯಲ್ಲಿ ಉಳಿದ ಥೋರಿಯಂ ಆಕ್ಸೈಡ್ ಮಾಡುತ್ತದೆ.

ಮನೆಯಲ್ಲೇ ನೋಡಬಹುದು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಮೇಣದಬತ್ತಿ ಹಚ್ಚಿ, ಅದರ ನೆರಳು ಗೋಡೆಯ ಮೇಲೆ ಬೀಳುವ ಹಾಗೆ ಇಡು. ಉರಿಯಲ್ಲಿ ಎಲ್ಲಕ್ಕಿಂತ ಪ್ರಕಾಶವಾದ ಹಳದಿ ಭಾಗ ಇದೆಯಲ್ಲ, ಗೋಡೆಯ ಮೇಲೆ ಅದರ ನೆರಳೇ ಎಲ್ಲಕ್ಕಿಂತ ಕಪ್ಪು. ಬೆಳಕು ಕೊಡುವ ಜಾಗವೇ ಬಿಸಿಲನ್ನು ತಡೆಯುತ್ತದೆ, ಯಾಕೆಂದರೆ ಅಲ್ಲಿ ಗಟ್ಟಿ ಕಣಗಳಿವೆ. ಮೈಕೆಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳೆದುರು ಮೇಣದಬತ್ತಿಯ ಮೇಲೆ ಉಪನ್ಯಾಸ ಕೊಟ್ಟಾಗ ಈ ನೆರಳನ್ನೇ ತೋರಿಸಿದ್ದ. ಉರಿಯ ಬೆಳಕು ಕಾದ ಕಾರ್ಬನ್ ಕಣಗಳದ್ದು ಅಂತ ಅವನಿಗಿಂತ ಮೊದಲು ಹೇಳಿದವನು ಅವನ ಗುರು ಹಂಫ್ರಿ ಡೇವಿ. ಇನ್ನೊಂದು: ಸ್ಟೀಲ್ ಚಮಚವನ್ನು ಬಟ್ಟೆಯಲ್ಲಿ ಹಿಡಿದು ಉರಿಯ ಹಳದಿ ಹೊಟ್ಟೆಯಲ್ಲಿ ಒಂದು ಕ್ಷಣ ಇಟ್ಟು ತೆಗೆ, ಕಪ್ಪು ಕೂತಿರುತ್ತದೆ. ಚಮಚ ಒರೆಸಿ ತುದಿಗಿಂತ ಎರಡು ಬೆರಳು ಮೇಲೆ ಹಿಡಿ, ಕಪ್ಪಾಗುವುದಿಲ್ಲ. ಮಸಿ ನಡುವೆ ಹುಟ್ಟಿ ತುದಿಯಲ್ಲಿ ಸಾಯುತ್ತದೆ ಅನ್ನುವುದು ಕೈಯಲ್ಲೇ ತಿಳಿಯುತ್ತದೆ.

ಈಗ ಮುಖ್ಯವಾದ ವಿಷಯ. ವಿಕಿರಣ ತಾಪಮಾನದ ನಾಲ್ಕನೇ ಘಾತದಲ್ಲಿ ಏರುತ್ತದೆ, ಅಂದರೆ ಕೆಲ್ವಿನ್ ಲೆಕ್ಕದಲ್ಲಿ ತಾಪಮಾನ ಎರಡು ಪಟ್ಟಾದರೆ ಝಳ 16 ಪಟ್ಟು. ಚೆಲ್ಲಿದ ಶಾಖ ಉರಿಯಿಂದಲೇ ಹೋಗಬೇಕಲ್ವಾ? ಹಾಗಾಗಿ ಮಸಿ ಹೆಚ್ಚಿದ್ದಷ್ಟೂ ಉರಿ ತನ್ನನ್ನೇ ತಣ್ಣಗೆ ಮಾಡಿಕೊಳ್ಳುತ್ತದೆ. ಮೀಥೇನ್ ಉರಿ ಸಾಮಾನ್ಯವಾಗಿ ತನ್ನ ಶಾಖದ 15ರಿಂದ 20 ಶೇಕಡಾವನ್ನು ಹೀಗೆ ಚೆಲ್ಲಿದರೆ, ಪ್ರೊಪೇನ್ 25ರಿಂದ 30 ಶೇಕಡಾ ಚೆಲ್ಲುತ್ತದೆ. ಉರಿಯೊಳಗಿನ ಅಷ್ಟು ಕಡಿಮೆ ಹೊತ್ತಿನಲ್ಲಿ ಮಸಿ ಸುಟ್ಟುಹೋಗಲು ಸಾವಿರ ಡಿಗ್ರಿಗಿಂತ ಹೆಚ್ಚು ಕಾವು ಬೇಕು. ಉರಿ ತುದಿ ಮುಟ್ಟುವ ಮೊದಲೇ ಅದಕ್ಕಿಂತ ಕೆಳಗಿಳಿದರೆ ಉಳಿದ ಮಸಿ ಹಾಗೇ ಹೊರಗೆ ಬರುತ್ತದೆ. ಅದೇ ಹೊಗೆ. ಲಾಟೀನಿನ ಬತ್ತಿಯನ್ನು ಸ್ವಲ್ಪ ಸ್ವಲ್ಪ ಏರಿಸಿದರೆ ಬೆಳಕು ಹೆಚ್ಚುತ್ತಾ ಹೋಗಿ, ಒಂದು ಎತ್ತರ ದಾಟಿದ ಕೂಡಲೇ ತುದಿ ಮಂಕಾಗಿ, ಕವಲೊಡೆದು, ಗಾಜು ಕಪ್ಪಾಗುವುದು ಇದರಿಂದ. ಆ ಎತ್ತರಕ್ಕೆ ಸ್ಮೋಕ್ ಪಾಯಿಂಟ್ ಅಂತ ಹೆಸರಿದೆ, ಸೀಮೆಎಣ್ಣೆಯ ಗುಣ ಅಳೆಯುವುದೂ ಅದರಿಂದಲೇ. ವಿಮಾನದ ಇಂಧನಕ್ಕೆ ಇದು ಸಾಮಾನ್ಯವಾಗಿ 25 ಮಿಲಿಮೀಟರಿಗೆ ಕಡಿಮೆ ಇರಬಾರದು.

ಕಾರ್ಖಾನೆಯವರಿಗೆ ಈ ಹಳದಿ ಬೇಕೇ ಬೇಕು. ಗಾಜು ಕರಗಿಸುವ ಕುಲುಮೆಯಲ್ಲಿ ಉರಿ ಗಾಜಿಗೆ ತಾಗದೆ, ಮೇಲಿನಿಂದ ಝಳ ಸುರಿಯಬೇಕು. ಎಷ್ಟು ಮಸಿ ಇದ್ದರೆ ಎಷ್ಟು ಝಳ ಅಂತ ಅಳೆಯಲು 1948ರಲ್ಲಿ ಯುರೋಪಿನ ಹಲವು ದೇಶದವರು ಸೇರಿ ಸಮಿತಿ ಕಟ್ಟಿ, ನೆದರ್‌ಲ್ಯಾಂಡ್ಸ್‌ನ ಐಮೌಡನ್‌ನಲ್ಲಿ ದೊಡ್ಡ ಕುಲುಮೆ ಇಟ್ಟು ಪ್ರಯೋಗ ಶುರು ಮಾಡಿದರು. ಕುಲುಮೆಯೊಳಗೆ ಮಸಿ ಹುಟ್ಟಿ, ಝಳ ಕೊಟ್ಟು, ಹೊರಗೆ ಹೋಗುವ ಮೊದಲು ಪೂರ್ತಿ ಸುಟ್ಟುಹೋಗಬೇಕು. ಬರ್ನರ್ ಮಾಡುವವರ ಕೌಶಲವೆಲ್ಲ ಇದರಲ್ಲೇ ಇದೆ.

ಪ್ರಶ್ನೆ: ಗ್ಯಾಸ್ ವೆಲ್ಡಿಂಗ್ ಕಲಿಯುತ್ತಿದ್ದೇನೆ. ಬರೀ ಅಸೆಟಿಲಿನ್ ಹಚ್ಚಿದಾಗ ಜೇಡರ ಬಲೆಯಂಥ ಕಪ್ಪು ಎಳೆಗಳು ಹಾರಾಡುತ್ತವೆ. ಎಲ್‌ಪಿಜಿಯಲ್ಲಿ ಹೀಗಾಗುವುದಿಲ್ಲ. ಏನು ವ್ಯತ್ಯಾಸ? (ದಾವಣಗೆರೆ)

ಎಲ್‌ಪಿಜಿಯ ಅಣು ಮುರಿದು, ಹೈಡ್ರೋಜನ್ ಕಳೆದುಕೊಂಡು ಮೊದಲು ಅಸೆಟಿಲಿನ್ ಆಗಬೇಕು, ಆಮೇಲೆ ಉಂಗುರ, ಆಮೇಲೆ ಮಸಿ. ನಿಮ್ಮ ಟಾರ್ಚಿನಲ್ಲಿ ಬರುವುದೇ ಅಸೆಟಿಲಿನ್. ಮೊದಲಿನ ಮೆಟ್ಟಿಲುಗಳನ್ನು ಹತ್ತುವ ಕೆಲಸವೇ ಇಲ್ಲ. ಅಷ್ಟು ಮಸಿ ಹುಟ್ಟಿ, ಅದು ಅಷ್ಟು ಝಳ ಚೆಲ್ಲಿ, ಉರಿ ಬೇಗ ತಣ್ಣಗಾಗಿ, ಸುಡದೆ ಉಳಿದ ಸರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಲೆಯಾಗಿ ತೇಲುತ್ತವೆ. ಮೈಮೇಲೆ ಕೂತದ್ದನ್ನು ಉಜ್ಜಬೇಡಿ, ಕೊಡವಿ. ಉಜ್ಜಿದರೆ ಬಟ್ಟೆಯೊಳಗೆ ಇಳಿಯುತ್ತದೆ.

ಆಕ್ಸಿಜನ್ ವಾಲ್ವ್ ನಿಧಾನ ತೆರೆಯುವಾಗ ಗಮನಿಸಿ: ಹೊಗೆ ನಿಲ್ಲುತ್ತದೆ, ಹಳದಿ ಕುಗ್ಗುತ್ತದೆ, ನಳಿಗೆಯ ಬಾಯಲ್ಲಿ ಬಿಳಿಯ ಗರಿಯಂಥದ್ದು ಕಾಣಿಸಿ, ಅದೂ ಒಳಕ್ಕೆ ಸರಿದು ಚೂಪಾದ ಕೋನ್ ಉಳಿಯುತ್ತದೆ. ಅದೇ ಗ್ಯಾಸ್, ಅದೇ ಟಾರ್ಚ್. ಆಮ್ಲಜನಕ ಹೊರಗಿನಿಂದ ಬರುವ ಬದಲು ಒಳಗಿನಿಂದಲೇ ಬೆರೆತು ಬಂತು, ಅಷ್ಟೇ. ಗಾಗಲ್ಸ್ ಹಾಕಿಕೊಂಡೇ ನೋಡಿ.

ಮಸಿ ಕೊಡುವುದರಲ್ಲಿ ಮೀಥೇನ್ ಕೆಳಗಿನ ಸಾಲು, ಪ್ರೊಪೇನ್ ಅದರ ಮೇಲೆ, ಎಥಿಲಿನ್ ಇನ್ನೂ ಮೇಲೆ, ಅಸೆಟಿಲಿನ್ ಮತ್ತು ಬೆಂಜೀನ್ ತುಂಬಾ ಮೇಲೆ. ಹೈಡ್ರೋಜನ್‌ನಲ್ಲಿ ಕಾರ್ಬನ್ ಇಲ್ಲ, ಮಸಿಯೂ ಇಲ್ಲ, ಹಗಲಲ್ಲಿ ಅದರ ಉರಿ ಕಣ್ಣಿಗೇ ಕಾಣುವುದಿಲ್ಲ. ಕರ್ಪೂರದ ಅಣುವಿನಲ್ಲಿ ಉಂಗುರ ಮೊದಲೇ ಇದೆ. ಮಂಗಳಾರತಿ ತಟ್ಟೆ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದೇವೆ.

ಪ್ರಶ್ನೆ: ನಾನು ಮಂಗಳೂರಿನವನು, ಕುವೈತ್‌ನಲ್ಲಿ ಕೆಲಸ. ತೈಲ ಕ್ಷೇತ್ರದ ಫ್ಲೇರ್ (ಬೇಡದ ಗ್ಯಾಸನ್ನು ಎತ್ತರದ ಚಿಮಣಿಯ ತುದಿಯಲ್ಲಿ ಸುಡುವ ಉರಿ) ದೂರದಿಂದಲೇ ಮುಖಕ್ಕೆ ಬಿಸಿ ಹೊಡೆಯುತ್ತದೆ. ಕೆಲವೊಮ್ಮೆ ಸ್ವಚ್ಛವಾಗಿ ಉರಿಯುತ್ತದೆ, ಕೆಲವೊಮ್ಮೆ ಕಪ್ಪು ಹೊಗೆ. ಅದಕ್ಕೆ ಆವಿ ಬಿಡುತ್ತಾರಂತೆ, ನೀರು ಹಾಕಿದರೆ ಬೆಂಕಿ ಆರುವುದಿಲ್ಲವೇ?

ಫ್ಲೇರ್ ಅಂದರೆ ಲಾಟೀನನ್ನೇ ಹತ್ತಾರು ಮೀಟರ್ ಎತ್ತರಕ್ಕೆ ಬೆಳೆಸಿದ ಹಾಗೆ. ದೊಡ್ಡ ಉರಿಯ ನಡುವಿಗೆ ಗಾಳಿ ತಲುಪಲು ಹೊತ್ತು ಬೇಕು, ಅಷ್ಟರಲ್ಲಿ ಮಸಿ ಬೆಳೆದುಬಿಡುತ್ತದೆ. ಪ್ಲಾಂಟಿನಲ್ಲಿ ಏನಾದರೂ ಏರುಪೇರಾಗಿ ಒಮ್ಮೆಲೇ ಜಾಸ್ತಿ ಗ್ಯಾಸ್ ಬಂದರೆ, ಅಥವಾ ಭಾರವಾದ ಗ್ಯಾಸ್ ಬಂದರೆ, ಕಪ್ಪು ಹೊಗೆ ಏಳುತ್ತದೆ. ತುದಿಯ ಸುತ್ತ ಸಣ್ಣ ನಳಿಗೆಗಳಿಂದ ಆವಿಯನ್ನು ಜೋರಾಗಿ ಚಿಮ್ಮಿಸುತ್ತಾರೆ. ಅದರ ಮೊದಲ ಕೆಲಸ ನೀರು ಹಾಕುವುದಲ್ಲ, ಗಾಳಿಯನ್ನು ಎಳೆದು ಉರಿಯ ಒಳಕ್ಕೆ ನೂಕುವುದು. ನಿಮ್ಮ ಮನೆಯ ಜೆಟ್ ಮಾಡುವ ಕೆಲಸವೇ. ಜೊತೆಗೆ ನೀರಾವಿ ಕಾರ್ಬನ್ ಜೊತೆ ಸೇರಿ ಮಸಿ ಕಟ್ಟುವುದನ್ನೂ ತಗ್ಗಿಸುತ್ತದೆ. ಅತಿಯಾಗಿ ಬಿಟ್ಟರೆ ನೀವು ಹೇಳಿದ ಹಾಗೆ ಉರಿ ತಣ್ಣಗಾಗಿ ಗ್ಯಾಸ್ ಸುಡದೆ ಹೊರಟುಹೋಗುತ್ತದೆ. ಹೊಗೆ ಕಾಣದ ಫ್ಲೇರ್ ಎಲ್ಲವೂ ಚೆನ್ನಾಗಿ ಉರಿಯುತ್ತಿದೆ ಅಂತ ನಂಬಬೇಡಿ.

ಝಳದ ಲೆಕ್ಕ ಹೀಗೆ. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1 ಕಿಲೋವ್ಯಾಟ್. ಜನ ಸದಾ ಓಡಾಡುವ ಜಾಗಕ್ಕೆ ಫ್ಲೇರಿನ ಝಳ 1.6 ಕಿಲೋವ್ಯಾಟ್ ಮೀರದಂತೆ ಚಿಮಣಿಯ ಎತ್ತರ ನಿಗದಿ ಮಾಡುವುದು ತೈಲ ಉದ್ಯಮದ ರೂಢಿ. 4.7 ಕಿಲೋವ್ಯಾಟ್ ಇರುವಲ್ಲಿ ಮೈತುಂಬ ಬಟ್ಟೆಯಿದ್ದರೂ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ದೂರ ಎರಡು ಪಟ್ಟಾದರೆ ಝಳ ಕಾಲು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಮುಖ ಚುರುಗುಟ್ಟಿದರೆ ಧೈರ್ಯ ತೋರಿಸಬೇಡಿ, ಹಿಂದೆ ಸರಿಯಿರಿ.

ನೀವಿರುವ ನಾಡು ಮಸಿಯ ದೊಡ್ಡ ರೂಪವನ್ನು ಕಂಡಿದೆ. 1991ರಲ್ಲಿ ಕೊಲ್ಲಿ ಯುದ್ಧ ಮುಗಿಯುವಾಗ 600ಕ್ಕೂ ಹೆಚ್ಚು ತೈಲ ಬಾವಿಗಳಿಗೆ ಬೆಂಕಿ ಹಚ್ಚಲಾಗಿತ್ತು. ಹಗಲೇ ಕತ್ತಲಾಗಿತ್ತು. ಕೊನೆಯ ಬಾವಿ ಮುಚ್ಚಿದ್ದು ನವೆಂಬರಿನಲ್ಲಿ.

ಪ್ರಶ್ನೆ: ನಮ್ಮ ಬಾತ್‌ರೂಮಿನ ಗ್ಯಾಸ್ ಗೀಸರಿನಲ್ಲಿ ಉರಿ ಅಚ್ಚ ನೀಲಿ. ಮಸಿಯೂ ಇಲ್ಲ. ಹಾಗಾದರೆ ಅಪಾಯವಿಲ್ಲ ಅಲ್ವಾ? (ಬೆಂಗಳೂರು)

ಅಪಾಯ ಇದೆ. ದಯವಿಟ್ಟು ಇದನ್ನು ಇವತ್ತೇ ಮನೆಯವರಿಗೆಲ್ಲ ಓದಿ ಹೇಳಿ.

ಮಸಿ ಇದ್ದರೆ ಏನೋ ಸರಿಯಿಲ್ಲ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗೀಸರ್ ಉರಿಯುತ್ತಿದ್ದರೆ ಅಲ್ಲಿನ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ, ಉರಿಯ ಬಣ್ಣ ಅಷ್ಟೇನೂ ಬದಲಾಗದೆ ಈ ವಿಷ ಹೆಚ್ಚುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಕಾಲಿಗೆ ಬಲವಿಲ್ಲದಂತಾಗಿ ಬಾಗಿಲು ತೆಗೆಯಲೂ ಆಗುವುದಿಲ್ಲ. ಸ್ನಾನ ಮಾಡುವಾಗ ತಲೆ ಭಾರ ಅನ್ನಿಸಿದರೆ ನೀರು ನಿಲ್ಲಿಸುವುದಕ್ಕೂ ನಿಲ್ಲದೆ ಹೊರಗೆ ಬನ್ನಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಗೀಸರನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ, ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ಕಿಟಕಿ ತೆರೆದಿಟ್ಟರೆ ಸಾಕು ಅನ್ನುವವರ ಮಾತು ಕೇಳಬೇಡಿ, ಚಳಿಗಾಲದಲ್ಲಿ ಯಾರೂ ತೆರೆದಿಡುವುದಿಲ್ಲ.

ಪ್ರಶ್ನೆ: ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಮಾಡುತ್ತಿದ್ದರು. ನಾನು ಮಾಡಿದರೆ ತಟ್ಟೆಗೆ ಏನೂ ಹತ್ತುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ಶಿರಸಿ)

ತಟ್ಟೆಯನ್ನು ತುಂಬ ಮೇಲೆ ಇಡುತ್ತಿದ್ದೀರಿ. ಕುಡಿಯ ತುದಿ ದಾಟುವಷ್ಟರಲ್ಲಿ ಮಸಿ ಉರಿದುಹೋಗಿರುತ್ತದೆ, ತಟ್ಟೆಗೆ ಬರುವುದು ಬರೀ ಬಿಸಿ ಗಾಳಿ. ಅಜ್ಜಿ ಎರಡು ಇಟ್ಟಿಗೆ ಅಥವಾ ಲೋಟದ ಮೇಲೆ ತಟ್ಟೆ ಕವುಚುವಾಗ ಕುಡಿ ತಟ್ಟೆಗೆ ತಾಗುವ ಹಾಗೆ ಎತ್ತರ ನೋಡಿಕೊಂಡಿರುತ್ತಾರೆ. ಬತ್ತಿ ದಪ್ಪ ಇರಲಿ, ಉರಿ ದೊಡ್ಡದಾಗುತ್ತದೆ. ತಟ್ಟೆ ದಪ್ಪ ತಳದ್ದಿರಲಿ, ಬೇಗ ಕಾಯುವುದಿಲ್ಲ. ಮೇಲೊಂದು ಒದ್ದೆ ಬಟ್ಟೆ ಹಾಕಿದರೆ ಇನ್ನೂ ಒಳ್ಳೆಯದು. ತಣ್ಣನೆಯ ಲೋಹಕ್ಕೇ ಮಸಿ ಕೂರುವುದು.

ಮಗುವಿನ ಕಣ್ಣಿಗೆ ಮಾತ್ರ ಹಚ್ಚಬೇಡಿ. ಮಸಿ ಕಣದ ಜೊತೆ ಅರ್ಧ ಬೆಳೆದ ಉಂಗುರದ ಅಣುಗಳೂ ಅಂಟಿಕೊಂಡಿರುತ್ತವೆ, ಅವು ಒಳ್ಳೆಯವಲ್ಲ. ಮಕ್ಕಳ ವೈದ್ಯರೂ ಬೇಡ ಅನ್ನುತ್ತಾರೆ. ರಾತ್ರಿಯೆಲ್ಲ ಉರಿದ ಮೇಲೆ ದೀಪ ಆರಿಸಿ, ತಟ್ಟೆ ತಣ್ಣಗಾಗುವವರೆಗೆ ಕಾದು, ಆಮೇಲೆ ಬೆಳಕಿಗೆ ಹಿಡಿದು ನೋಡಿ. ಕುಡಿ ತಾಗಿದ್ದ ನಟ್ಟನಡುವೆ ಒಂದು ಬೋಳು ಚುಕ್ಕೆ ಇದ್ದರೆ ಅಲ್ಲಿ ತಟ್ಟೆ ಕಾದು ಮಸಿ ಸುಟ್ಟುಹೋಗಿದೆ ಅಂತ. ಅದರ ಸುತ್ತ, ಬೆರಳು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ, ಮಖಮಲ್ಲಿನ ಹಾಗೆ ಕೂತಿರುತ್ತದೆ ಕಾಡಿಗೆ.